ತೊಗಲ ಮೇಲೊಂದು ಬಟ್ಟೆ

ಕಾರು ಕೊಳ್ಳಲು ಹೋದವರಿಗೆ ಬಣ್ಣ, ಮೈಲೇಜು, ಸಾಲದ ಕಂತು ಎಲ್ಲ ಇತ್ಯರ್ಥವಾದ ಮೇಲೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಸೀಟು ಬಟ್ಟೆಯದೋ, ಲೆದರಿನದೋ? ಬಟ್ಟೆ ಬೆವರನ್ನು ಹೀರುತ್ತದೆ, ಮಗು ಚೆಲ್ಲಿದ ಹಾಲನ್ನೂ ಹೀರುತ್ತದೆ. ಲೆದರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು, ಆದರೆ ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರು ಹತ್ತಿದರೆ ತೊಡೆ ಚುರ್ ಎನ್ನುತ್ತದೆ. ನಾನಿರುವ ಸಾಸವಡದಂಥ ಧೂಳಿನ ಊರಲ್ಲಿ ಈ ಲೆಕ್ಕಾಚಾರ ಮನೆಮನೆಯಲ್ಲೂ ನಡೆಯುತ್ತದೆ. ಲೆಕ್ಕ ಏನೇ ಹೇಳಲಿ, ಬೆಲೆಪಟ್ಟಿಯಲ್ಲಿ ಮಾತ್ರ ಬಟ್ಟೆ ಕೆಳಗಿನ ಮಾದರಿಗೆ, ಲೆದರು ಮೇಲಿನ ಮಾದರಿಗೆ ಎಂದು ಮೊದಲೇ ತೀರ್ಮಾನವಾಗಿರುತ್ತದೆ.

ಕಾರು ಹುಟ್ಟಿದ ಕಾಲಕ್ಕೆ ಈ ಮೇಲು ಕೀಳು ತಿರುಗುಮುರುಗಾಗಿತ್ತು. ಯುರೋಪಿನ ಸಾರೋಟುಗಳಲ್ಲಿ ಗಾಡಿ ಹೊಡೆಯುವವನು ಹೊರಗೆ ಕೂರುತ್ತಿದ್ದ. ಮಳೆ, ಹಿಮ, ಕುದುರೆ ಚಿಮ್ಮಿಸಿದ ಕೆಸರು ಎಲ್ಲ ಅವನ ಪಾಲಿಗೆ. ಹಾಗಾಗಿ ಅವನ ಸೀಟಿಗೆ ಗಟ್ಟಿ ಚರ್ಮ. ಒಳಗೆ ಬಾಗಿಲು ಮುಚ್ಚಿಕೊಂಡು ಕೂತ ಒಡೆಯರಿಗೆ ಉಣ್ಣೆ, ಮಖಮಲ್ಲು, ರೇಷ್ಮೆ. ಸಾರೋಟು ಕಟ್ಟುತ್ತಿದ್ದ ಕುಶಲಕರ್ಮಿಗಳೇ ಮೊದಲ ಕಾರುಗಳ ಮೈಯನ್ನೂ ಕಟ್ಟಿದರು, ಅದೇ ಪದ್ಧತಿಯನ್ನು ಮುಂದುವರಿಸಿದರು. ಮುಂದೆ ಚಾಲಕನಿಗೆ ಚರ್ಮ, ಹಿಂದೆ ಧಣಿಗೆ ಬಟ್ಟೆ. ಜಪಾನಿನಲ್ಲಿ ಈ ನೆನಪು ಇನ್ನೂ ಅಳಿದಿಲ್ಲ. ಅಲ್ಲಿನ ಚಕ್ರವರ್ತಿಗಾಗಿ 2006ರಲ್ಲಿ ಟೊಯೋಟಾ ಮಾಡಿಕೊಟ್ಟ ಸೆಂಚುರಿ ರಾಯಲ್ ಕಾರಿನಲ್ಲಿ ಚಾಲಕನ ಸೀಟು ಚರ್ಮದ್ದು, ಚಕ್ರವರ್ತಿಯ ಸೀಟು ಉಣ್ಣೆಯದು. ಉಣ್ಣೆ ಕಿರುಗುಟ್ಟುವುದಿಲ್ಲ, ಜಾರುವುದಿಲ್ಲ, ಚಳಿಗಾಲದಲ್ಲಿ ತಣ್ಣಗೆ ಕೊರೆಯುವುದಿಲ್ಲ. ಒಡೆಯನೇ ಸ್ಟಿಯರಿಂಗ್ ಹಿಡಿಯತೊಡಗಿ, ಮೋಜಿಗಾಗಿ ತೆರೆದ ಕಾರು ಓಡಿಸತೊಡಗಿದ ಮೇಲೆ ಚಾಲಕನ ಸೀಟಿಗೆ ಗತ್ತು ಬಂತು. ಅದರೊಂದಿಗೆ ಚರ್ಮಕ್ಕೂ ಬಂತು.

ಅಲ್ಲಿ ಈ ಆಯ್ಕೆಯನ್ನು ಮಾಡಿಸಿದ್ದು ಮಳೆ. ನಮ್ಮಲ್ಲಿ ಚರ್ಮವೋ ಬಟ್ಟೆಯೋ ಎಂಬುದರ ಹಿಂದೆ ಬೇರೆಯೇ ಒಂದು ವಿಷಯವಿತ್ತು. ಅದನ್ನು ನೋಡಬೇಕಾದರೆ ಕಾರನ್ನು ಬಿಟ್ಟು ಕುದುರೆಯ ಹತ್ತಿರ ಹೋಗಬೇಕು. ಸಾಸವಡ ಅದಕ್ಕೆ ಒಳ್ಳೆಯ ಜಾಗ.

ಪುಣೆಯಿಂದ ದಿವೆ ಘಾಟ್ ಹತ್ತಿದರೆ ಕರ್ಹಾ ನದಿಯ ದಡದಲ್ಲಿ ಈ ಊರು. ನೆತ್ತಿಯ ಮೇಲೆ ಪುರಂದರ ಕೋಟೆ. ಶಿವಾಜಿ ಮಹಾರಾಜರೂ ಮಿರ್ಜಾ ರಾಜಾ ಜಯಸಿಂಹನೂ 1665ರಲ್ಲಿ ಒಪ್ಪಂದ ಮಾಡಿಕೊಂಡದ್ದು ಆ ಕೋಟೆಯ ಹೆಸರಿನಲ್ಲೇ. ಪೇಶ್ವೆ ಬಾಳಾಜಿ ವಿಶ್ವನಾಥ 1720ರಲ್ಲಿ ತೀರಿಕೊಂಡದ್ದು ಇಲ್ಲೇ. ಪುರಂದರೆ ಸರದಾರರ ವಾಡೆಯ ದಪ್ಪ ಗೋಡೆಗಳನ್ನು ನೋಡಿದರೆ ಸಾಕು, ಇದು ಒಂದು ಕಾಲಕ್ಕೆ ಕುದುರೆ ಕಟ್ಟುತ್ತಿದ್ದವರ ಊರು ಎಂದು ಗೊತ್ತಾಗುತ್ತದೆ. ಕುದುರೆಯ ಬಲದ ಮೇಲೆ ಬೆಳೆದ ರಾಜ್ಯಕ್ಕೆ ಕೂರುವ ಸೀಟು ಸಣ್ಣ ವಿಷಯವಲ್ಲ.

ಅದಕ್ಕೆ ನಮ್ಮಲ್ಲಿರುವ ಹೆಸರುಗಳನ್ನೇ ನೋಡಿ. ಹಳೆಯ ಕನ್ನಡದಲ್ಲಿ ಪಲ್ಲಣ, ಆಮೇಲೆ ಹಲ್ಲಣ. ಸಂಸ್ಕೃತದ ಪರ್ಯಾಣವು ಪ್ರಾಕೃತದ ಮೂಲಕ ಸವೆದು ಬಂದ ರೂಪ ಇದು. ಕುದುರೆಯ ಬೆನ್ನಿಗೆ ಹಾಕುವ ಮೆತ್ತೆಗೆ ತಡಿ. ಪಾರಸಿಯಿಂದ ಬಂದದ್ದು ಜೀನು. (ಜೀನ್ಸ್ ಪ್ಯಾಂಟಿಗೂ ಇದಕ್ಕೂ ನಂಟಿಲ್ಲ; ಅದು ಇಟಲಿಯ ಜಿನೋವಾ ಊರಿನ ಹೆಸರು.) ಮರಾಠಿಯಲ್ಲಿ ಇನ್ನೊಂದಿದೆ: ಖೋಗೀರ. ಚಿಂದಿ, ಉಣ್ಣೆ, ಕೂದಲು ಏನು ಸಿಕ್ಕರೂ ತುರುಕಿ ಹೊಲಿದ ಮೆತ್ತನೆಯ ತಡಿ. ಆ ತುರುಕುವ ಕೆಲಸದಿಂದಲೇ ಮರಾಠಿಗರಿಗೆ ‘ಖೋಗೀರಭರತಿ’ ಎಂಬ ಮಾತು ಸಿಕ್ಕಿದೆ. ಕೆಲಸಕ್ಕೆ ಬಾರದ ಜನರನ್ನು ಕಚೇರಿಗೆ ತುಂಬಿಸಿದರೂ ಅದು ಖೋಗೀರಭರತಿ, ಪುಸ್ತಕದಲ್ಲಿ ಪುಟ ತುಂಬಿಸಲು ಬರೆದರೂ ಖೋಗೀರಭರತಿ. ಕುದುರೆಗಳು ಹೋದವು, ತಡಿಯ ಹೂರಣ ಮಾತ್ರ ಪತ್ರಿಕೆಗಳ ರಾಜಕೀಯ ಅಂಕಣಗಳಲ್ಲಿ ಉಳಿಯಿತು.

ಜೀನು ಮಾಡುವವರಿಗೆ ಜೀನಗಾರರು ಎಂದು ಹೆಸರಾಯಿತು. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಇರುವ ಸಮುದಾಯ. ಅವರ ಕೈಯಲ್ಲಿದ್ದ ಕಸುಬು ಒಂದೇ ಅಲ್ಲ: ಜೀನಿನ ಜೊತೆಗೆ ಮರಗೆತ್ತನೆ, ಲೋಹದ ಕೆಲಸ, ಮೂರ್ತಿ, ಚಿತ್ರ. ಇಷ್ಟು ಕಸುಬು ಬಲ್ಲವರನ್ನು ಊರು ತಲೆಯ ಮೇಲೆ ಹೊತ್ತು ಮೆರೆಸಬೇಕಿತ್ತು. ಆದದ್ದು ಬೇರೆ. 1885ರಲ್ಲಿ ಅಚ್ಚಾದ ಪುಣೆ ಜಿಲ್ಲೆಯ ಗೆಜೆಟಿಯರಿನಲ್ಲಿ ಜೀನಗಾರರ ಬಗ್ಗೆ ಬರುವ ಮಾತುಗಳನ್ನು ಓದುವಾಗ ಹೊಟ್ಟೆ ತೊಳಸುತ್ತದೆ. ಅವರು ತಮ್ಮನ್ನು ಸೋಮವಂಶದ ಕ್ಷತ್ರಿಯರೆಂದು ಹೇಳಿಕೊಳ್ಳುತ್ತಿದ್ದರು. ಪುಣೆಯ ಕ್ಷೌರಿಕರು ಅವರಿಗೆ ಕ್ಷೌರ ಮಾಡಲು ಒಪ್ಪುತ್ತಿರಲಿಲ್ಲ. ಜೀನು ಹೊಲಿಯುವಾಗ ತೊಗಲು ಮುಟ್ಟುತ್ತಾರಲ್ಲ, ಅದೇ ದೋಷ.

ಹೊಲಿದವನ ಕೈಗೆ ಅಂಟಿದ ಮೈಲಿಗೆ, ಅದೇ ಜೀನಿನ ಮೇಲೆ ದಿನವಿಡೀ ಕೂತು ಸವಾರಿ ಮಾಡಿದವನ ತೊಡೆಗೆ ಅಂಟಲಿಲ್ಲ. ಸರದಾರನಿಗೆ ಕ್ಷೌರ ನಿಲ್ಲಲಿಲ್ಲ. ಚರ್ಮದ ಮೇಲೆ ಕೂರುವುದು ನಮ್ಮಲ್ಲಿ ಯಾವತ್ತೂ ಕೀಳಾಗಿರಲಿಲ್ಲ. ಋಷಿಗಳು ಕೂತದ್ದು ಕೃಷ್ಣಾಜಿನದ ಮೇಲೆ, ಶಿವ ಕೂತದ್ದು ಹುಲಿಯ ತೊಗಲಿನ ಮೇಲೆ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಧ್ಯಾನಕ್ಕೆ ಕೂರುವವನ ಆಸನದ ವಿವರವೇ ಇದೆ: ಕೆಳಗೆ ದರ್ಭೆ, ಅದರ ಮೇಲೆ ಜಿಂಕೆಯ ಚರ್ಮ, ಎಲ್ಲಕ್ಕಿಂತ ಮೇಲೆ ಬಟ್ಟೆ. ಬಟ್ಟೆಯೋ ಚರ್ಮವೋ ಎಂದು ಶೋರೂಮಿನಲ್ಲಿ ತಲೆ ಕೆರೆದುಕೊಳ್ಳುವವರಿಗೆ ಗೀತೆ ಎರಡೂ ಬೇಕು ಎಂದು ಹೇಳಿಯಾಗಿದೆ. ಆ ಜಿಂಕೆಯ ತೊಗಲನ್ನು ಸುಲಿದು ಹದ ಮಾಡಿದವರು ಯಾರು, ಅವರಿಗೆ ಊರಿನಲ್ಲಿ ಎಲ್ಲಿ ಜಾಗ ಎಂಬ ಪ್ರಶ್ನೆ ಆಸನದ ಚರ್ಚೆಯಲ್ಲಿ ಬರುವುದಿಲ್ಲ. ಅದನ್ನು ಎತ್ತಿದ್ದು ನಮ್ಮ ಶರಣರ ಕಥೆಗಳು. ಹರಳಯ್ಯ ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಮಾಡಿದ ಪಾದರಕ್ಷೆಗಳನ್ನು ಬಸವಣ್ಣ ಮೆಟ್ಟಲು ಒಪ್ಪದೆ ತಲೆಯ ಮೇಲಿಟ್ಟುಕೊಂಡ ಎಂಬ ಕಥೆಯಲ್ಲಿ ಮಾತ್ರ ಚರ್ಮಕ್ಕೆ ಒಬ್ಬ ಮನುಷ್ಯನ ಹೆಸರು ಸಿಕ್ಕಿದೆ.

ಸಾಸವಡಕ್ಕೆ ವರ್ಷಕ್ಕೊಮ್ಮೆ ಇಂದಿಗೂ ಕುದುರೆ ಬರುತ್ತದೆ, ಅದೂ ಕರ್ನಾಟಕದಿಂದ. ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಸರದಾರರ ಮನೆಯಿಂದ ಎರಡು ಕುದುರೆಗಳು ನಡೆದುಕೊಂಡೇ ಆಳಂದಿಗೆ ಹೋಗುತ್ತವೆ. ಅಲ್ಲಿಂದ ಜ್ಞಾನೇಶ್ವರರ ಪಲ್ಲಕ್ಕಿಯ ಜೊತೆ ದಿವೆ ಘಾಟ್ ಹತ್ತಿ, ಸಾಸವಡದಲ್ಲಿ ತಂಗಿ, ಪಂಢರಪುರದ ದಾರಿ ಹಿಡಿಯುತ್ತವೆ. ಹೈಬತಬಾಬಾ ಎಂಬ ಭಕ್ತರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಪಲ್ಲಕ್ಕಿಗೆ ಇಂದಿನ ಶಿಸ್ತು ತಂದಾಗ ಶಿತೋಳೆ ಮನೆತನ ಬೆಂಬಲಕ್ಕೆ ನಿಂತಿತು, ಕುದುರೆಗಳ ಸೇವೆ ಅಂದಿನಿಂದ ನಡೆದು ಬಂದಿದೆ. ಒಂದು ಕುದುರೆಯ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದರ ಬೆನ್ನಿಗೆ ಸಿಂಗಾರವೆಲ್ಲ ಇದೆ, ಸವಾರ ಮಾತ್ರ ಇಲ್ಲ. ಅದರ ಮೇಲೆ ಮಾವುಲಿ, ಅಂದರೆ ಜ್ಞಾನೇಶ್ವರರೇ, ಕೂತಿದ್ದಾರೆಂದು ವಾರಕರಿಗಳ ನಂಬಿಕೆ. ಗಡಿಯ ಮಾತು ಬಂದಾಗಲೆಲ್ಲ ಬಸ್ಸಿಗೆ ಮಸಿ ಬಳಿಯುವವರ ಚಿತ್ರಗಳನ್ನು ಟಿವಿಯಲ್ಲಿ ನೋಡುವ ನಮಗೆ, ಈ ಖಾಲಿ ಆಸನ ಪ್ರತಿ ವರ್ಷವೂ ಯಾರ ಅಪ್ಪಣೆಯೂ ಇಲ್ಲದೆ ಗಡಿ ದಾಟುವುದು ಕಾಣುವುದಿಲ್ಲ.

ಉಳಿದ ಕುದುರೆಗಳು ಹೋದವು. ಜೀನಗಾರರು ಬೇರೆ ಕಸುಬುಗಳತ್ತ ಹೊರಳಿದರು. ಗೋಕಾಕದ ಬಣ್ಣಬಣ್ಣದ ಮರದ ಹಣ್ಣು, ಗೊಂಬೆಗಳನ್ನು ಮಾಡುವವರು ಜೀನಗಾರ ಮನೆತನದವರೇ. ಹೆಸರಿನಲ್ಲಿ ಜೀನು ಇದೆ, ಕೈಯಲ್ಲಿ ಹಗುರ ಮರ. ಕ್ಷೌರಿಕರ ತಕರಾರು ತೊಗಲಿಗೆ ಇತ್ತು. ಮರಕ್ಕೆ ಅಂಥದ್ದೇನೂ ಇರಲಿಲ್ಲ.

ಕಾರು ಬಂದಾಗ ಇದೇ ತೊಡಕು ಹೊಸದಾಗಿ ಎದ್ದೇಳಬಹುದಿತ್ತು: ಯಾರು ಹೊಲಿಯಬೇಕು, ಮಡಿವಂತರು ಹೇಗೆ ಕೂರಬೇಕು? ಹೆಚ್ಚು ಎದ್ದೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ರೆಗ್ಜಿನ್ ಬಂತು. ರೆಗ್ಜಿನ್ ಎಂದರೆ ಬಟ್ಟೆ. ನೈಟ್ರೋಸೆಲ್ಯುಲೋಸ್ ಲೇಪಿಸಿ, ಬಣ್ಣ ಹಾಕಿ, ಚರ್ಮದ ಗೆರೆಗಳನ್ನು ಒತ್ತಿದ ಬಟ್ಟೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಎಂಬ ಊರಿನ ಕಂಪನಿಯೊಂದು ಇಟ್ಟ ಮಾರಾಟದ ಹೆಸರು ಅದು. ನೈಟ್ರೋಸೆಲ್ಯುಲೋಸ್ ಎಂದರೆ ತುಪಾಕಿಯ ಮದ್ದಿಗೂ ಬಳಸುತ್ತಿದ್ದ ವಸ್ತು. ಅಮೆರಿಕದಲ್ಲಿ ಸಿಡಿಮದ್ದಿನ ಕಂಪನಿ ಡ್ಯೂಪಾಂಟ್ 1910ರಲ್ಲಿ ಫ್ಯಾಬ್ರಿಕಾಯ್ಡ್ ಎಂಬ ಕೃತಕ ಚರ್ಮದ ಕಂಪನಿಯನ್ನು ಕೊಂಡದ್ದು ತನ್ನ ನೈಟ್ರೋಸೆಲ್ಯುಲೋಸಿಗೆ ಇನ್ನೊಂದು ದಾರಿ ಹುಡುಕಿಕೊಂಡು. ಆ ಕಾಲಕ್ಕೆ ಕಾರುಗಳು ಲಕ್ಷಗಟ್ಟಲೆ ತಯಾರಾಗತೊಡಗಿದ್ದವು. ಅಷ್ಟು ಸೀಟಿಗೆ ಬೇಕಾಗುವಷ್ಟು ಕಲೆಯಿಲ್ಲದ ಚರ್ಮ ಅಗ್ಗದಲ್ಲಿ ಸಿಗುವುದು ಕಷ್ಟವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಲೇಪನ ಪಿವಿಸಿಗೆ ಬದಲಾಯಿತು, ಹೆಸರು ನಮ್ಮಲ್ಲಿ ಬದಲಾಗಲಿಲ್ಲ. ಹುಟ್ಟಿದ ದೇಶದಲ್ಲಿ ಹಳೆಯ ಕಾರುಗಳ ಪ್ರೇಮಿಗಳಷ್ಟೇ ಆಡುವ ಈ ಪದ ಕನ್ನಡ, ಮರಾಠಿಗಳಲ್ಲಿ ಚೀಲದಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಓಡಾಡಿಕೊಂಡಿದೆ.

ರೆಗ್ಜಿನ್ನಿನ ಗುಟ್ಟು ಅದರ ಅಗ್ಗದ ಬೆಲೆಯಲ್ಲಷ್ಟೇ ಇಲ್ಲ ಎಂದು ನನ್ನ ಅನಿಸಿಕೆ. ಕಣ್ಣಿಗೆ ಅದು ಚರ್ಮ, ಮೈಗೆ ಬಟ್ಟೆ. ಯಾವ ಪ್ರಾಣಿಯೂ ಅದರಲ್ಲಿಲ್ಲ. ಮಡಿಯ ಮನೆಯವರೂ ಕೂರಬಹುದು, ಯಾವ ಜಾತಿಯವರೂ ಹೊಲಿಯಬಹುದು. ಸಣ್ಣ ಊರುಗಳಲ್ಲಿ ಕಾಣುವ ‘ಕುಶನ್ ವರ್ಕ್ಸ್’ ಬೋರ್ಡುಗಳ ಹಿಂದೆ ಈ ಸ್ವಾತಂತ್ರ್ಯವೂ ಇದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸರ್ಕಾರಿ ಬಸ್ಸು, ಸಿನೆಮಾ ಟಾಕೀಸು ಎಲ್ಲ ಕಡೆ ಅದೇ. ಬ್ಲೇಡಿನಲ್ಲಿ ಯಾರೋ ಕುಯ್ದ ಜಾಗದಿಂದ ತೆಂಗಿನ ನಾರು ಇಣುಕುತ್ತಿದ್ದ ಆ ಸೀಟುಗಳ ಮೇಲೆ ದೇಶ ಅರ್ಧ ಶತಮಾನ ಕೂತಿತು.

ಅದರ ಮೇಲೂ ಒಂದು ಬಟ್ಟೆ ಬಂತು. ಅಂಬಾಸಿಡರಿನ ಹಿಂದಿನ ಸೀಟಿಗೆ ಬಿಳಿ ಟರ್ಕಿ ಟವೆಲು. ಮಂತ್ರಿಗಳಿಗೆ, ಜಿಲ್ಲಾಧಿಕಾರಿಗಳಿಗೆ, ಕಚೇರಿಯ ಕುರ್ಚಿಗೂ. ಬೆವರಿಗೆ ಅಂಟುವ ರೆಗ್ಜಿನ್ನಿನ ಮೇಲೆ ಅದು ನಿಜಕ್ಕೂ ಸುಖ. ಆದರೆ ಬೆವರು ಚಾಲಕನಿಗೂ ಬರುತ್ತದೆ, ಬಿಳಿ ಟವೆಲು ಅವನ ಸೀಟಿಗೆ ಅಪರೂಪ. ಸಾರೋಟಿನ ಹಳೆಯ ಲೆಕ್ಕ, ಹಿಂದೆ ಬಟ್ಟೆ ಮುಂದೆ ಚರ್ಮ, ಯಾರೂ ಹೇಳಿಕೊಡದೆಯೇ ಇಲ್ಲಿ ಮರಳಿ ಬಂದಿತ್ತು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ ರಸ್ತೆಗಿಳಿಯಿತು. ಅಲ್ಲಿಂದ ಮುಂದೆ ಸ್ವತಃ ಓಡಿಸುವ ಸಂಸಾರಸ್ಥರ ಕಾರುಗಳ ಕಾಲ. ನೇಯ್ದ ಬಟ್ಟೆಯ ಸೀಟು ಸಾಮಾನ್ಯವಾಗುತ್ತ ಹೋಯಿತು. ಸಾಮಾನ್ಯವಾದದ್ದೇ ತಡ, ಅದರ ಬೆಲೆ ಇಳಿಯಿತು, ಚರ್ಮದ ಆಸೆ ಏರಿತು.

ಆ ಚರ್ಮ ಯಾವುದು? ಅನುವಾದದ ಕೆಲಸದಲ್ಲಿ ಕಾರಿನ ಕೈಪಿಡಿಗಳು ಬಂದಾಗ ನಾನು ಸ್ವಲ್ಪ ಹೊತ್ತು ನಿಲ್ಲುವ ಜಾಗ ಇದು. ಇಂಗ್ಲಿಷಿನ ‘ಲೆದರೆಟ್’ಗೆ ‘ಕೃತಕ ಚರ್ಮ’ ಎಂದು ಬರೆದರೆ ಸರಿ, ಆದರೆ ಯಾವ ಮಾರಾಟಗಾರನೂ ಹಾಗೆ ಹೇಳಲಾರ. ಶೋರೂಮಿನಲ್ಲಿ ಅದು ‘ಲೆದರ್’. ಕುಶನ್ ಅಂಗಡಿಯಲ್ಲಿ ‘ರೆಗ್ಜಿನ್’. ಇನ್ನು ಅಸಲಿ ಚರ್ಮವನ್ನು ‘ತೊಗಲ ಸೀಟು’ ಎಂದು ಬರೆದರಂತೂ ಗಿರಾಕಿ ಎದ್ದೇ ಹೋಗುತ್ತಾನೆ. ತೊಗಲುಗೊಂಬೆಗೆ ತೊಗಲು ನಡೆಯುತ್ತದೆ, ಕಾರಿಗೆ ನಡೆಯುವುದಿಲ್ಲ. ತೊಗಲು ಎಂದರೆ ಸುಲಿದವನ ಕೈ ಕಾಣುತ್ತದೆ. ಲೆದರು ಎಂದರೆ ಬೆಲೆ ಮಾತ್ರ ಕಾಣುತ್ತದೆ. ಪದವನ್ನು ಬದಲಾಯಿಸಿ ಮೈಲಿಗೆಯನ್ನು ತೊಳೆದುಕೊಂಡೆವು, ಆ ಪದದಿಂದ ಕಸುಬಿನವನೂ ಹೊರಗುಳಿದ.

ಆ ಕಸುಬಿನವರು ದೂರವೇನೂ ಇಲ್ಲ. ಅಥಣಿ, ನಿಪ್ಪಾಣಿಯ ಕಡೆ ಸಮಗಾರರು ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮದಿಂದ ಕೊಲ್ಹಾಪುರಿ ಚಪ್ಪಲಿ ಮಾಡುತ್ತಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿ ಸೇರಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾದಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿ ತೋರಿಸಿ ಮೂಲವನ್ನು ಹೇಳದೆ ಬಿಟ್ಟಾಗ ಎರಡೂ ರಾಜ್ಯಗಳಲ್ಲಿ ಸಿಟ್ಟು ಎದ್ದಿತು, ಕಂಪನಿ ಆಮೇಲೆ ಒಪ್ಪಿಕೊಂಡಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಮಹಾರಾಷ್ಟ್ರದ 2015ರ ತಿದ್ದುಪಡಿ, ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆಗಳ ನಂತರ ಈ ಕುಟುಂಬಗಳಿಗೆ ಎತ್ತಿನ ತೊಗಲು ಸಿಗುವುದು ಕಷ್ಟವಾಗಿ, ಎಮ್ಮೆ ಕೋಣಗಳ ತೊಗಲನ್ನು ನೆಚ್ಚಿಕೊಳ್ಳಬೇಕಾದಾಗ ಅಷ್ಟು ಗದ್ದಲವಾದದ್ದು ನನಗೆ ನೆನಪಿಲ್ಲ.

ಇವರ ಚರ್ಮ ಕಾರಿನ ಸೀಟಿಗೆ ಹೋಗುವುದಿಲ್ಲ. ಕಾರಿಗೆ ಬೇಕಾದದ್ದು ಬಹುಪಾಲು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ, ಮೆತ್ತಗಿನ, ಅಗಲವಾದ, ಗೀರಿಲ್ಲದ ಹಾಳೆ. ನಮ್ಮ ದನಗಳ ಮೈಯಲ್ಲಿ ನೊಗದ ಗಾಯ, ಬರೆಯ ಗುರುತು, ಮುಳ್ಳುಬೇಲಿಯ ಗೀರು, ಉಣ್ಣೆಹುಳ ಕಚ್ಚಿದ ಚುಕ್ಕೆ, ದುಡಿದ ಬದುಕಿನ ಲೆಕ್ಕವೆಲ್ಲ ಇರುತ್ತದೆ. ದುಬಾರಿ ಕಾರುಗಳವರು ಯುರೋಪಿನ ಹೋರಿಗಳ ತೊಗಲನ್ನು ಆರಿಸಿಕೊಳ್ಳುವುದು ಅಂಥ ಗುರುತುಗಳು ಕಡಿಮೆ ಎಂದೇ.

ಹಾಗಾಗಿ ಸಾಸವಡದ ರಸ್ತೆಯ ಕುಶನ್ ಅಂಗಡಿಯಲ್ಲಿ ‘ಲೆದರ್’ ಕೇಳಿದರೆ ಮುಂದಿಡುವ ಆಲ್ಬಮ್ಮಿನಲ್ಲಿರುವುದು ಪಿವಿಸಿ, ಪಾಲಿಯುರೇಥೇನ್ ತುಣುಕುಗಳೇ: ಬಿಸ್ಕತ್ ಬಣ್ಣ, ಕಾಫಿ ಬಣ್ಣ, ಕಪ್ಪಿಗೆ ಕೆಂಪು ದಾರದ ಹೊಲಿಗೆ. ಅಸಲಿ ಚರ್ಮವೇ ಎಂದು ಕೇಳಿದರೆ ಅಂಗಡಿಯವರು ಇಲ್ಲ ಎನ್ನುತ್ತಾರೆ, ಸಂಕೋಚದಿಂದಲ್ಲ, ಧೈರ್ಯ ಹೇಳುವ ದನಿಯಲ್ಲಿ. ಯುರೋಪಿನ ಕಂಪನಿಗಳು ಈಗ ‘ವೀಗನ್ ಲೆದರ್’ ಎಂದು ಹೊಸ ಹೆಸರಿಟ್ಟು ಮಾರುವ ಮಾಲು ಇಲ್ಲಿ ಅಜ್ಜಂದಿರ ಕಾಲದಿಂದ ಇದೆ. ಹೊಸ ಕವರು ಹಾಕಿಸಿಕೊಂಡು ಹೊರಟವರಲ್ಲಿ ಕೆಲವರು ಅಲ್ಲೇ ಪಕ್ಕದ ಅಂಗಡಿಯಲ್ಲಿ ಎರಡು ಟರ್ಕಿ ಟವೆಲು ಕೊಂಡು ಮುಂದಿನ ಸೀಟುಗಳಿಗೆ ಹಾಸಿಕೊಳ್ಳುತ್ತಾರೆ. ಬೇಸಿಗೆಯಲ್ಲಂತೂ ಅದಿಲ್ಲದೆ ಕೂರಲಾಗದು.