ಪೆಟ್ರೋಲಿಗೆ ಬದಲಿ ಇಂಧನಗಳು: ಚರಿತ್ರೆ

ಕಬ್ಬು, ಜೋಳ, ಎಣ್ಣೆಬೀಜ ಮೊದಲಾದ ಸಸ್ಯಮೂಲಗಳಿಂದ ಪಡೆಯುವ ಜೈವಿಕ ಇಂಧನಗಳೂ, ಕಲ್ಲಿದ್ದಲು, ನೈಸರ್ಗಿಕ ಅನಿಲ ಮುಂತಾದವುಗಳಿಂದ ರಾಸಾಯನಿಕವಾಗಿ ನಿರ್ಮಿಸುವ ಸಂಶ್ಲೇಷಿತ ಇಂಧನಗಳೂ ಇಲ್ಲಿ ಪ್ರಸ್ತುತ. ಇವು ಇತ್ತೀಚಿನ ಪರಿಸರಚಿಂತನೆಯ ಫಲವೆಂಬ ನಂಬಿಕೆ ಜನರಲ್ಲಿ ಬೇರೂರಿದ್ದರೂ ಇವುಗಳ ರಸಾಯನಶಾಸ್ತ್ರದ ಬಹುಭಾಗ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಸಿದ್ಧವಾಗಿದ್ದಿತು. ಅಲ್ಲಿಂದೀಚೆಗೆ ಇವುಗಳ ಏಳುಬೀಳುಗಳನ್ನು ನಿರ್ಣಯಿಸಿದುವು ಕಚ್ಚಾ ಎಣ್ಣೆಯ ಬೆಲೆ, ದಿಗ್ಬಂಧನದ ಭಯ ಮತ್ತು ಸರ್ಕಾರಗಳ ಹಠ.

1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಯಿತು. ಖನಿಜತೈಲಕ್ಕೆಂದು ರಚಿತವಾದ ಆ ಯಂತ್ರದಲ್ಲಿ ಯಾವ ಮಾರ್ಪಾಟನ್ನೂ ಮಾಡಿರಲಿಲ್ಲವೆಂದೂ, ಅದು ಎಷ್ಟು ಸರಾಗವಾಗಿ ಓಡಿತೆಂದರೆ ನೋಡಿದವರಲ್ಲಿ ಕೆಲವರಿಗೆ ಮಾತ್ರವೇ ಸಂಗತಿ ತಿಳಿಯಿತೆಂದೂ ರುಡಾಲ್ಫ್ ಡೀಸೆಲ್ 1912ರಲ್ಲಿ ಹೇಳಿದ್ದಾನೆ. ಆದರೆ ಸಸ್ಯತೈಲ ಮಂದವಾದುದು. ಬಹುಕಾಲ ಬಳಸಿದರೆ ಇಂಧನವನ್ನು ಸಿಂಪಡಿಸುವ ಸೂಕ್ಷ್ಮರಂಧ್ರಗಳಲ್ಲಿ ಮಸಿ ಕಟ್ಟುತ್ತದೆ. ಎಣ್ಣೆಗೆ ಆಲ್ಕೊಹಾಲನ್ನು ಕೂಡಿಸಿ, ಗ್ಲಿಸರಿನನ್ನು ಬೇರ್ಪಡಿಸಿ, ತೆಳುವಾದ ಎಸ್ಟರನ್ನು ಪಡೆಯುವ ಉಪಾಯಕ್ಕೆ ಬ್ರಸೆಲ್ಸ್ ವಿಶ್ವವಿದ್ಯಾನಿಲಯದ ಷವಾನ್ 1937ರಲ್ಲಿ ಪೇಟೆಂಟ್ ಪಡೆದನು. ಇಂದು ಬಯೋಡೀಸೆಲ್ ಎನಿಸಿಕೊಂಡಿರುವುದು ಅದೇ.

ಎಣ್ಣೆಯ ಬಾವಿಗಳು ವಿರಳವಾಗಿದ್ದು ಕಲ್ಲಿದ್ದಲು ಮಾತ್ರ ಹೇರಳವಾಗಿದ್ದ ಜರ್ಮನಿಯಲ್ಲಿ ಸಂಶ್ಲೇಷಿತ ಇಂಧನಗಳ ವಿದ್ಯೆ ಮಹೋದ್ಯಮವಾಗಿ ಬೆಳೆಯಿತು. ನುಣ್ಣಗೆ ಅರೆದ ಕಲ್ಲಿದ್ದಲನ್ನು ಭಾರವಾದ ಎಣ್ಣೆಯಲ್ಲಿ ಕಲಸಿ, ಆ ಸರಿಯನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಇನ್ನೂರಕ್ಕೂ ಮಿಕ್ಕಿದ ವಾಯುಭಾರದ ಒತ್ತಡದಲ್ಲಿ ಜಲಜನಕದೊಡನೆ ಸೇರಿಸಿದರೆ ಕಲ್ಲಿದ್ದಲೇ ದ್ರವವಾಗುವುದೆಂಬ ವಿಧಾನಕ್ಕೆ ಫ್ರೀಡ್ರಿಷ್ ಬೆರ್ಗಿಯಸ್ 1913ರಲ್ಲಿ ಪೇಟೆಂಟ್ ಪಡೆದಿದ್ದನು. 1931ರ ನೊಬೆಲ್ ಪಾರಿತೋಷಕವನ್ನು ಅವನು ಕಾರ್ಲ್ ಬಾಷ್‌ನೊಡನೆ ಹಂಚಿಕೊಂಡನು. ರೂರ್ ಪ್ರಾಂತದ ಮ್ಯೂಲ್‌ಹೈಮಿನಲ್ಲಿ ಫ್ರಾನ್ಸ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಷ್ 1925ರ ಸುಮಾರಿಗೆ ಹಿಡಿದ ದಾರಿ ಬೇರೆ: ಕಲ್ಲಿದ್ದಲನ್ನು ಉಗಿಯೊಡನೆ ಉರಿಸಿ ಮೊದಲು ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕಗಳ ಮಿಶ್ರಣವಾಗಿಸಿ, ಆ ಅನಿಲವನ್ನು ಕಬ್ಬಿಣ ಅಥವಾ ಕೋಬಾಲ್ಟಿನ ವೇಗವರ್ಧಕದ ಮೇಲೆ ಹಾಯಿಸಿ ಹೈಡ್ರೊಕಾರ್ಬನ್ನುಗಳನ್ನು ಕಟ್ಟುವುದು.

ಜರ್ಮನಿಯ ಲೊಯ್ನಾದಲ್ಲಿ ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಸಂಸ್ಥೆ 1927ರಲ್ಲಿ ಕಂದು ಕಲ್ಲಿದ್ದಲಿನಿಂದ ಪೆಟ್ರೋಲ್ ಇಳಿಸಲಾರಂಭಿಸಿತು. ಅಷ್ಟರಲ್ಲಿ ಟೆಕ್ಸಾಸಿನ ಹೊಸ ಬಾವಿಗಳೂ ವಿಶ್ವವ್ಯಾಪಿ ಆರ್ಥಿಕ ಮುಗ್ಗಟ್ಟೂ ಕೂಡಿ ಎಣ್ಣೆಯ ಬೆಲೆ ಪಾತಾಳಕ್ಕಿಳಿಯಲು, ಪ್ರತಿ ಲೀಟರಿಗೂ ನಷ್ಟವನ್ನನುಭವಿಸುತ್ತಿದ್ದ ಈ ಉದ್ಯಮವನ್ನು ಬದುಕಿಸಿದುದು 1933ರ ಡಿಸೆಂಬರಿನಲ್ಲಿ ನಾಟ್ಸಿ ಸರ್ಕಾರದೊಡನೆ ಆದ, ನಿಗದಿಯಾದ ಬೆಲೆಯನ್ನು ಖಾತರಿಪಡಿಸಿದ ಒಪ್ಪಂದ. ಯುದ್ಧದಲ್ಲಿ ಜರ್ಮನಿಯ ವಿಮಾನಗಳ ಪೆಟ್ರೋಲಿನ ಬಹುಪಾಲು ಕಲ್ಲಿದ್ದಲಿನಿಂದಲೇ ಬಂದಿತು. 1944ರ ಮೇ 12ರಂದು ಅಮೆರಿಕದ ಬಾಂಬರುಗಳು ಲೊಯ್ನಾ ಮೊದಲಾದ ಸ್ಥಾವರಗಳ ಮೇಲೆರಗಿದುವು. ಏಪ್ರಿಲಿನಲ್ಲಿ ಸುಮಾರು 1,75,000 ಟನ್ನಿದ್ದ ವಿಮಾನ ಇಂಧನದ ಉತ್ಪಾದನೆ ಸೆಪ್ಟೆಂಬರಿನ ವೇಳೆಗೆ ಅದರ ಹತ್ತನೆಯ ಒಂದಂಶಕ್ಕಿಂತಲೂ ಕೆಳಗಿಳಿಯಿತು. ಕೃತಕ ರಬ್ಬರು ಮತ್ತು ಇಂಧನಗಳಿಗಾಗಿ ಆಷ್‌ವಿಟ್ಸಿನ ಪಕ್ಕದ ಮೊನೊವಿಟ್ಸಿನಲ್ಲಿ ಕೈದಿಗಳನ್ನು ಸಾಯುವ ತನಕ ದುಡಿಸಿ ಕಾರ್ಖಾನೆ ಕಟ್ಟಿಸಿದುದೂ ಇದೇ ಐ.ಜಿ. ಫಾರ್ಬೆನ್; ತಂತ್ರವಿದ್ಯೆಯ ಇತಿಹಾಸವನ್ನು ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ನ್ಯಾಯವಲ್ಲ.

ಅದೇ ಯುದ್ಧಕಾಲದಲ್ಲಿ ಪೆಟ್ರೋಲಿನ ಪಡಿತರದಿಂದ ಕಂಗೆಟ್ಟ ಮೈಸೂರು ಸೀಮೆಯಲ್ಲಿ ಇದ್ದಿಲ ಬಸ್ಸುಗಳು ಓಡಿದುವು. ಬಸ್ಸಿನ ಬೆನ್ನಿಗಂಟಿದ ಕಬ್ಬಿಣದ ಒಲೆಗೆ ಇದ್ದಿಲು ತುಂಬಿ, ಕ್ಲೀನರು ಬೆವರಿಳಿಸುತ್ತ ಗಾಳಿಯ ಚಕ್ರವನ್ನು ತಿರುಗಿಸಿ ಕೆಂಡ ಹತ್ತಿಸಿದ ಮೇಲೆಯೇ ಪ್ರಯಾಣ. ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕು. ಆ ಒಲೆಯಿಂದ ಹೊಮ್ಮುತ್ತಿದ್ದ ಕಾರ್ಬನ್ ಮೊನಾಕ್ಸೈಡ್ ತುಂಬಿದ ಅನಿಲ ಫಿಷರನ ಅನಿಲಕ್ಕೆ ಬಡ ದಾಯಾದಿ.

ಯುದ್ಧಾನಂತರ ಅಗ್ಗದ ಅರಬ್ ಎಣ್ಣೆಯ ಮುಂದೆ ಈ ವಿಧಾನಗಳು ಮಂಕಾದುವು. ಅವನ್ನು ಉಳಿಸಿಕೊಂಡದ್ದು ದಕ್ಷಿಣ ಆಫ್ರಿಕ. 1950ರಲ್ಲಿ ಸ್ಥಾಪಿತವಾದ ಸಾಸೋಲ್ ಸಂಸ್ಥೆ 1955ರಲ್ಲಿ ಕೀಳುದರ್ಜೆಯ ಕಲ್ಲಿದ್ದಲಿನಿಂದ ಇಂಧನ ತೆಗೆಯಿತು. ವರ್ಣಭೇದನೀತಿಯ ಕಾರಣ ಎಣ್ಣೆಯ ರಾಷ್ಟ್ರಗಳು ಬಾಗಿಲು ಹಾಕಿದ ಮೇಲೆ, 1979ರ ಕ್ರಾಂತಿಯಿಂದ ಇರಾನಿನ ಎಣ್ಣೆಯೂ ನಿಂತ ಮೇಲೆ, ಸೆಕುಂಡಾದಲ್ಲಿ ಬೃಹತ್ ಸ್ಥಾವರಗಳೆದ್ದುವು. ಇಂಗಾಲದ ಡೈಆಕ್ಸೈಡನ್ನು ಒಂದೇ ತಾಣದಿಂದ ಅತಿಹೆಚ್ಚಾಗಿ ಉಗುಳುವ ಜಗತ್ತಿನ ಕಾರ್ಖಾನೆಗಳಲ್ಲಿ ಸೆಕುಂಡಾ ಒಂದು: ಪೆಟ್ರೋಲಿಗೆ ಬದಲಿಯಾದುದೆಲ್ಲ ನಿರ್ಮಲವೆಂದು ತಿಳಿಯುವವರು ಗಮನಿಸತಕ್ಕ ಸಂಗತಿ.

ಬ್ರೆಜಿಲಿನ ಕಥೆ ಸಕ್ಕರೆಯದು. 1931ರಲ್ಲಿಯೇ ಅಲ್ಲಿ ಆಮದು ಪೆಟ್ರೋಲಿಗೆ ಶೇಕಡ 5ರಷ್ಟು ಆಲ್ಕೊಹಾಲನ್ನು ಬೆರೆಸಬೇಕೆಂಬ ಆಜ್ಞೆಯಾಗಿದ್ದಿತು. 1973ರಲ್ಲಿ ಎಣ್ಣೆಯ ಬೆಲೆ ನಾಲ್ಮಡಿಯಾಗಿ, ಅದರ ಬೆನ್ನಲ್ಲೇ ಸಕ್ಕರೆಯ ಬೆಲೆ ಕುಸಿಯಲಾಗಿ, ಅಧ್ಯಕ್ಷ ಗೈಸೆಲನ ಸೈನಿಕ ಸರ್ಕಾರ 1975ರ ನವೆಂಬರಿನಲ್ಲಿ ‘ಪ್ರೊಆಲ್ಕೂಲ್’ ಯೋಜನೆಯನ್ನು ಘೋಷಿಸಿತು. ಬರಿಯ ಎಥನಾಲಿನಿಂದ ಓಡುವ ಫಿಯಟ್ 147 ಕಾರು 1979ರಲ್ಲಿ ಬಂದಿತು. ಆಲ್ಕೊಹಾಲು ಚಳಿಯಲ್ಲಿ ಸುಲಭವಾಗಿ ಹೊತ್ತಿಕೊಳ್ಳದಾದುದರಿಂದ, ಬೆಳಗಿನ ಹೊತ್ತು ಎಂಜಿನ್ನನ್ನು ಎಬ್ಬಿಸಲೆಂದೇ ಇಂಥ ಕಾರುಗಳಲ್ಲಿ ಪೆಟ್ರೋಲಿನ ಒಂದು ಪುಟ್ಟ ತೊಟ್ಟಿಯನ್ನಿಡುತ್ತಿದ್ದರು. 1980ರ ದಶಕದ ಮಧ್ಯದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಇಂಥವು. ಆದರೆ ಎಣ್ಣೆ ಅಗ್ಗವಾಗಿ ಸಕ್ಕರೆ ದುಬಾರಿಯಾದೊಡನೆ ಗಿರಣಿಗಳು ಸಕ್ಕರೆಯತ್ತ ತಿರುಗಿದುವು. 1989ರಲ್ಲಿ ಬಂಕುಗಳು ಬರಿದಾಗಿ ಕಾರಿನವರು ಸಾಲುಗಟ್ಟಿ ನಿಂತರು. ಕಳೆದುಹೋದ ವಿಶ್ವಾಸ ಮರಳಿದುದು, ಪೆಟ್ರೋಲು ಆಲ್ಕೊಹಾಲು ಎರಡನ್ನೂ ಯಾವ ಪ್ರಮಾಣದಲ್ಲಾದರೂ ಕುಡಿಯಬಲ್ಲ ಕಾರುಗಳು 2003ರಲ್ಲಿ ಬಂದ ಬಳಿಕ.

ಭಾರತದಲ್ಲಿ 1948ರಲ್ಲಿಯೇ ಪವರ್ ಆಲ್ಕೊಹಾಲ್ ಕಾಯಿದೆಯಾಗಿದ್ದರೂ ಕಾಕಂಬಿಯ ಆಲ್ಕೊಹಾಲು ಹೆಚ್ಚಾಗಿ ಮದ್ಯಕ್ಕೂ ರಾಸಾಯನಿಕ ಉದ್ಯಮಕ್ಕೂ ಹರಿಯಿತು; ಅಬ್ಕಾರಿಯ ಆದಾಯವನ್ನು ಕಂಡ ಯಾವ ರಾಜ್ಯ ತಾನೆ ಅದನ್ನು ಕಾರಿಗೆ ಸುರಿದೀತು! 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇಕಡ 5ರ ಮಿಶ್ರಣ ಆರಂಭವಾಯಿತು. ಅದೇ ಕಾಲದಲ್ಲಿ ಬಂಜರಿನಲ್ಲಿ ಬಂಗಾರ ಬೆಳೆವುದೆಂದು ಹೊಗಳಿಸಿಕೊಂಡ ಜತ್ರೋಫಾ, ನೀರು ಗೊಬ್ಬರಗಳಿಲ್ಲದೆ ಹೇಳಿದಷ್ಟು ಕಾಯಿ ಬಿಡದೆ ನಿರಾಶೆಗೊಳಿಸಿತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಹಳ್ಳಿಗಾಡಿನಲ್ಲಿ ಹೊಂಗೆ ಎಣ್ಣೆಯಿಂದ ಎಂಜಿನುಗಳನ್ನು ನಡೆಸಿ ತೋರಿಸಿದರು. ಎಣ್ಣೆ ದೀಪಕ್ಕೂ ಹಿಂಡಿ ಗದ್ದೆಗೂ ಒದಗುತ್ತಿದ್ದ ಈ ಮರದ ಗುಣ ರೈತರಿಗೆ ಹೊಸದಾಗಿರಲಿಲ್ಲ. ಬೀಜ ಆಯುವ ಕೂಲಿಗೆ ತಕ್ಕ ಬೆಲೆ ದೊರೆಯದಿರುವುದೇ ತೊಡಕು. 2018ರ ರಾಷ್ಟ್ರೀಯ ನೀತಿ ಕಬ್ಬಿನ ರಸಕ್ಕೂ ಧಾನ್ಯಕ್ಕೂ ದಾರಿ ತೆರೆಯಿತು. 2025ರಲ್ಲಿ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಮುಟ್ಟಿ, ಮೆಕ್ಕೆಜೋಳ ಮತ್ತು ಅಕ್ಕಿ ಕೂಡ ಮುಖ್ಯ ಕಚ್ಚಾಸಾಮಗ್ರಿಗಳಾದುವು. ಹೊಟ್ಟೆಗೋ ಗಾಡಿಗೋ ಎಂಬ ವಾದ ಇದರೊಡನೆ ತೀಕ್ಷ್ಣವಾಗಿದೆ.

ಈಚಿನ ಪ್ರಯತ್ನಗಳಲ್ಲಿ ಗಾಳಿ ಅಥವಾ ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದ ಜಲಜನಕವನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಲಾಗುತ್ತದೆ. ದಕ್ಷಿಣ ಚಿಲಿಯ ಹಾರು ಓನಿ ಸ್ಥಾವರ ಈ ವಿಧದಲ್ಲಿ 2022ರಲ್ಲಿ ಪೆಟ್ರೋಲ್ ತಯಾರಿಸಿತು. ಈ ಮಾರ್ಗದಲ್ಲಿ ಅರ್ಧಕ್ಕೂ ಮಿಕ್ಕಿದ ವಿದ್ಯುಚ್ಛಕ್ತಿ ನಡುವೆಯೇ ವ್ಯಯವಾಗುವುದರಿಂದ, ಬ್ಯಾಟರಿಯ ಭಾರವನ್ನು ಹೊರಲಾರದ ವಿಮಾನ ಮತ್ತು ದೂರಗಾಮಿ ಹಡಗುಗಳಿಗೆ ಇದನ್ನು ಮೀಸಲಿಡಬೇಕೆಂಬುದು ತಜ್ಞರಲ್ಲಿ ಹಲವರ ಅಭಿಪ್ರಾಯ.