ರಾಜನ ಬಾಯಿಗೆ ಹಾಕಿದ ಹಲಗೆ

ನಗೆಯ ಇತಿಹಾಸ, ಭಾಗ 4 👇

ಮೊದಲು ಚಿತ್ರ ಜೂಮ್ ಮಾಡಿ ನೋಡಿ. ಡೊಳ್ಳು ಹೊಟ್ಟೆಯ ರಾಜ ಕೂತಿದ್ದಾನೆ. ಅವನ ಬಾಯಿಂದ ನೆಲದವರೆಗೆ ಉದ್ದ ಹಲಗೆ. ಕೆಳಗೆ ಬಡವರು ಬುಟ್ಟಿಗೆ ಕಾಸು ಹಾಕ್ತಿದ್ದಾರೆ, ಆಳುಗಳು ಬುಟ್ಟಿ ಹೊತ್ತು ಹಲಗೆ ಹತ್ತಿ ರಾಜನ ಬಾಯಿಗೆ ಸುರೀತಿದ್ದಾರೆ. ಅವನು ಕೂತಿರೋದು ಸಿಂಹಾಸನ ಅಲ್ಲ, ಕಕ್ಕಸಿನ ಕುರ್ಚಿ! ಅದರಡಿ ಬೀಳ್ತಿರೋದು ಬಿರುದು, ಪದಕ, ಹುದ್ದೆಯ ಪತ್ರಗಳು. ಆರಿಸಿಕೊಳ್ಳೋಕೆ ರಾಜನ ಕಡೆಯವರು ಮುಗಿಬಿದ್ದಿದ್ದಾರೆ. ಬಿಕಾಂನವರಿಗೆ ಬಿಡಿಸಿ ಹೇಳ್ಬೇಕಾ? ಜಮಾ ಯಾರಿಂದ, ಖರ್ಚು ಯಾರಿಗೆ, ಎಲ್ಲ ಒಂದೇ ಹಾಳೆಯಲ್ಲಿದೆ.

1831ರ ಡಿಸೆಂಬರ್, ಪ್ಯಾರಿಸ್. ಬರೆದವನು ಓನೊರೆ ದೋಮಿಯೆ, ವಯಸ್ಸು 23. ರಾಜ ಲೂಯಿ ಫಿಲಿಪ್. ಚಿತ್ರದ ಹೆಸರು ‘ಗಾರ್ಗಾಂತುವಾ’.

ಈ ಹೆಸರು ಸುಮಾರು 300 ವರ್ಷ ಹಳೇದು. ಫ್ರಾನ್ಸ್ವಾ ರಾಬ್ಲೆ ಅನ್ನೋ ಡಾಕ್ಟರ್ ಬರೆದ ಕಾದಂಬರಿಯ ದೈತ್ಯ ಅವನು. ಮಗುವಾಗಿದ್ದಾಗ ಅವನ ಹಾಲಿಗೆ ಬೇಕಾಗಿದ್ದು 17,913 ಹಸು! ನಮ್ಮ ಕನಕಪುರದ ಹಾಲೆಲ್ಲ ಅವನೊಬ್ಬನಿಗೇ ಹೋಗ್ತಿತ್ತೇನೋ 😄

ರಾಬ್ಲೆ ನಗಿಸೋಕೆ ಬರೆದ ದೈತ್ಯನಿಗೆ ದೋಮಿಯೆ ರಾಜನ ಮುಖ ಇಟ್ಟ, ಅಷ್ಟೇ. ಪೊಲೀಸರು ಪ್ರತಿಗಳನ್ನ ಎತ್ತಿಕೊಂಡು ಹೋದ್ರು. 1832ರ ಫೆಬ್ರವರಿಯಲ್ಲಿ ಕೋರ್ಟು 6 ತಿಂಗಳ ಜೈಲು, 500 ಫ್ರಾಂಕ್ ದಂಡ ಹಾಕ್ತು. ಅವನು ಸುಮ್ಮನಾಗಲಿಲ್ಲ, ಮತ್ತೆ ಬರೆದ. ಆಗಸ್ಟಲ್ಲಿ ಜೈಲಿಗೆ ಹೋದ. ಇದೇ ರಾಜ 1830ರಲ್ಲಿ ಸೆನ್ಸಾರ್ ಇನ್ನೆಂದೂ ಇರಲ್ಲ ಅಂತ ಮಾತು ಕೊಟ್ಟಿದ್ದ. 1835ರಲ್ಲಿ ಬಂದ ಕಾನೂನಿನ ಪ್ರಕಾರ ಲೇಖನಕ್ಕೆ ಮೊದಲೇ ಅನುಮತಿ ಬೇಡ, ಚಿತ್ರಕ್ಕೆ ಬೇಕು!

ಚಿತ್ರದ ಮೇಲೇ ಯಾಕೆ ಅಷ್ಟು ಭಯ? ಓದೋಕೆ ಬರದವರಿಗೂ ಅದು ಅರ್ಥ ಆಗುತ್ತೆ. ಅದರಲ್ಲೂ ಜನಕ್ಕೆ ಗೊತ್ತಿರೋ ದೈತ್ಯ ಆದ್ರೆ ವಿವರಣೆಯೇ ಬೇಡ. ನಮ್ಮಲ್ಲಿ ಬಕಾಸುರ ಇದ್ದಾನಲ್ಲ, ಹಾಗೆ. ಊರವರು ಸರದಿ ಪ್ರಕಾರ ಬಂಡಿ ತುಂಬ ಅನ್ನ ಕಳಿಸ್ಬೇಕು. ಬಕಾಸುರನಿಗೆ ಟೋಪಿ ಹಾಕಿ ಬರೆದರೆ ಮಾಗಡಿ ಬಸ್ ಸ್ಟ್ಯಾಂಡಲ್ಲಿ ಯಾರಿಗೆ ಅರ್ಥ ಆಗಲ್ಲ ಹೇಳಿ?

ಕನ್ನಡಕ್ಕೂ ಇಂಥ ನಗೆಪತ್ರಿಕೆ ಇತ್ತು. 1942ರಲ್ಲಿ ಡಾ. ಎಂ. ಶಿವರಾಂ, ಅಂದ್ರೆ ನಮ್ಮ ರಾಶಿ, ‘ಕೊರವಂಜಿ’ ಶುರು ಮಾಡಿದ್ರು. ರಾಬ್ಲೆ ಥರ ಅವರೂ ಡಾಕ್ಟರೇ. ಆರ್.ಕೆ. ಲಕ್ಷ್ಮಣ್ ಮೈಸೂರಲ್ಲಿ ಓದ್ತಿದ್ದಾಗಲೇ ಅದಕ್ಕೆ ಚಿತ್ರ ಬರೀತಿದ್ರು. ಮನೆ ಬಾಗಿಲಿಗೆ ಬಂದು ಕಣಿ ಹೇಳೋ ಕೊರವಂಜಿ ಹೆಸರು ಸುಮ್ಮನೆ ಇಟ್ಟಿದ್ದಲ್ಲ. ಅವಳು ಇದ್ದದ್ದನ್ನ ಮುಖಕ್ಕೇ ಹೇಳ್ತಾಳೆ.

ಈಗ ನಾವು. ರಾಮನಗರ, ಚನ್ನಪಟ್ಟಣದಲ್ಲೂ ಪ್ರತಿ ಕ್ಲಾಸಿಗೊಂದು ಮೀಮ್ ಪೇಜ್ ಬೇಕು. ಅದ್ರಲ್ಲಿ ನಗೋದು ಯಾರನ್ನ? ಹಳ್ಳಿಯಿಂದ ಬಂದವನ ಇಂಗ್ಲಿಷ್, ದಪ್ಪಗಿರೋಳ ಫೋಟೋ, ಯಾರದೋ ಹಳೇ ಚಪ್ಪಲಿ. ಅದಕ್ಕೆ ಧೈರ್ಯ ಏನೂ ಬೇಡ ಕಣ್ರೋ, ಅವರು ತಿರುಗಿ ಬೀಳಲ್ಲ. ದೋಮಿಯೆ ಬುಟ್ಟಿ ತುಂಬಿಸೋ ಬಡವನನ್ನ ನೋಡಿ ನಗಲಿಲ್ಲ, ಬಾಯಿ ತೆರೆದು ಕೂತವನನ್ನ ನೋಡಿ ನಕ್ಕ. ಜೈಲಾಗಿದ್ದು ಅದಕ್ಕೇ.

ಮುಂದಿನ ಮೀಮ್ ಹಾಕೋ ಮುಂಚೆ ಒಂದೇ ಒಂದು ಸಲ ನೋಡ್ಕೊಳ್ಳಿ: ನಿಮ್ಮ ಚಿತ್ರದಲ್ಲಿ ನಗೆಗೆ ಸಿಕ್ಕಿರೋನು ಹಲಗೆಯ ಯಾವ ತುದಿಯಲ್ಲಿದ್ದಾನೆ?

ಕಾಮೆಂಟಲ್ಲಿ ಹೇಳಿ ✍️

#ನಗೆಯಇತಿಹಾಸ #ಕೊರವಂಜಿ #ವ್ಯಂಗ್ಯಚಿತ್ರ #ರಾಮನಗರ