ಸರಾಯತ್ ಗುಡುಗು-ಮಳೆ: ಖೈತಾನ್ ಕುಟುಂಬಗಳಿಗೆ ಮಾಹಿತಿ



ಊರಿನಲ್ಲಿ ಮುಂಗಾರಿಗೆ ಮುನ್ನ ಗುಡುಗು-ಸಿಡಿಲಿನ ಮಳೆ ಬರುವಂತೆ ಕುವೈತ್‌ನಲ್ಲೂ ಬೇಸಿಗೆಗೆ ಮುನ್ನ, ಏಪ್ರಿಲ್-ಮೇ ತಿಂಗಳಲ್ಲಿ, ‘ಸರಾಯತ್’ ಬರುತ್ತದೆ. ಇದು ದಿಢೀರನೆ ಎದ್ದು ಬೇಗನೆ ಅಡಗುವುದರಿಂದ ಯಾವ ಬಡಾವಣೆಗೆ ಎಷ್ಟು ಗಂಟೆಗೆ ಎಂದು ಬಹಳ ಮೊದಲೇ ಹೇಳಲಾಗದು. ಬೆಳಗ್ಗೆ ಆಕಾಶ ಶುಭ್ರವಾಗಿದ್ದರೂ, ಸಂಜೆ ಮಕ್ಕಳನ್ನು ಆಟಕ್ಕೆ ಬಿಡುವ ಮುನ್ನ ಕುವೈತ್ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ.

ಮಳೆಗಿಂತ ಮೊದಲು ಧೂಳಿನ ಗೋಡೆಯೇ ಬರಬಹುದು. ಒಣಹಾಕಿದ ಬಟ್ಟೆ ತರಲು ತಾರಸಿಗೆ ಓಡಬೇಡಿ. ಒಳಗಿದ್ದು ಕಿಟಕಿ ಮುಚ್ಚಿ. ಕಡೆಯ ಗುಡುಗಿನ ನಂತರವೂ 30 ನಿಮಿಷ ಹೊರಗೆ ಬರಬೇಡಿ. ನೀರು ನಿಂತ ಅಂಡರ್‌ಪಾಸ್‌ಗೆ ಕಾರು ಇಳಿಸಬೇಡಿ. 2018ರ ನವೆಂಬರ್ ಮಳೆಗೆ ಕುವೈತ್‌ನ ಹಲವು ರಸ್ತೆಗಳೇ ಮುಳುಗಿದ್ದವು.

ತುರ್ತು ಕರೆ: 112. ಮಕ್ಕಳಿಗೂ ಕಲಿಸಿಡಿ.